ಸ್ವೀಡಿಷ್–ಜರ್ಮನ್ ನಡುವೆ ಅನುವಾದಕರಾಗಿ, ದುಭಾಷಿಯಾಗಿ ದುಡಿಯುವುದು: ಒಂದು ಸಮಗ್ರ ಮಾರ್ಗದರ್ಶಿ

ಕಿಟಕಿಗೆ ಸ್ವೀಡಿಷ್ ಭಾಷೆಯಲ್ಲಿ 'ಫೊನ್‌ಸ್ಟೆರ್', ಜರ್ಮನ್‌ನಲ್ಲಿ 'ಫೆನ್‌ಸ್ಟರ್'. ಹಣ ಕೊಡುವುದಕ್ಕೆ ಅಲ್ಲಿ 'ಬೆತಾಲಾ', ಇಲ್ಲಿ 'ಬೆತ್ಸಾಲೆನ್'. ಮಧ್ಯಯುಗದಲ್ಲಿ ಹಾನ್ಸಾ ಒಕ್ಕೂಟದ ವರ್ತಕರು ಸ್ಟಾಕ್‌ಹೋಮ್, ವೀಸ್‌ಬಿ, ಕಾಲ್ಮಾರ್ ಮುಂತಾದ ಬಂದರುಗಳಲ್ಲಿ ನೆಲೆಯೂರಿದಾಗ ಅವರ ಕೆಳನಾಡು ಜರ್ಮನ್ ನುಡಿಯಿಂದ ವ್ಯಾಪಾರ, ಕಸುಬು, ನಗರಾಡಳಿತಗಳ ಪದಗಳು ರಾಶಿರಾಶಿಯಾಗಿ ಸ್ವೀಡಿಷ್‌ಗೆ ಹರಿದುಬಂದವು. 1946ರವರೆಗೂ ಸ್ವೀಡನ್ನಿನ ಶಾಲೆಗಳಲ್ಲಿ ಮೊದಲ ವಿದೇಶಿ ಭಾಷೆ ಜರ್ಮನ್ನೇ ಆಗಿತ್ತು. ಆ ಸ್ಥಾನ ಇಂಗ್ಲಿಷಿಗೆ ಹೋದದ್ದು ಆ ನಂತರ. ಇಷ್ಟು ಹತ್ತಿರದ ನಂಟಿರುವ ಎರಡು ಭಾಷೆಗಳ ನಡುವಿನ ಅನುವಾದ ಸುಲಭವಿರಬೇಕೆಂದು ಹೊರಗಿನವರಿಗೆ ತೋರುವುದು ಸಹಜ. ಈ ಹತ್ತಿರದ ನಂಟೇ ಈ ಜೋಡಿಯ ದೊಡ್ಡ ಅಪಾಯವೆಂಬುದನ್ನು ಈ ಮಾರ್ಗದರ್ಶಿಯುದ್ದಕ್ಕೂ ಉದಾಹರಣೆಗಳಿಂದ ತೋರಿಸಲಾಗಿದೆ. ಪದ ಪರಿಚಿತವಾಗಿ ಕಂಡಾಗ ಕಣ್ಣು ಮುಂದೆ ಜಾರುತ್ತದೆ, ಕೈ ಆಗಲೇ ಬರೆದುಬಿಟ್ಟಿರುತ್ತದೆ.

ಮೊದಲ ಹೆಜ್ಜೆ: ಬರಹವೋ ಮಾತೋ, ಯಾವ ದಿಕ್ಕಿನಲ್ಲಿ

ಲಿಖಿತ ಅನುವಾದ ಮತ್ತು ಮೌಖಿಕ ಭಾಷಾಂತರ ಇಲ್ಲಿ ಎರಡು ಬೇರೆ ವೃತ್ತಿಗಳು. ಸ್ವೀಡಿಷ್‌ನಲ್ಲಿ ಅನುವಾದಕನಿಗೆ 'ಓವರ್‌ಸೆಟ್ಟಾರೆ', ದುಭಾಷಿಗೆ 'ಟೋಲ್ಕ್' ಎನ್ನುತ್ತಾರೆ. ಜರ್ಮನ್‌ನಲ್ಲಿ 'ಯುಬರ್‌ಸೆಟ್ಸರ್' ಮತ್ತು 'ಡೋಲ್ಮೆಚರ್'. ಎರಡಕ್ಕೂ ಪರೀಕ್ಷೆ ಬೇರೆ, ಸಂಭಾವನೆಯ ಲೆಕ್ಕ ಬೇರೆ, ಬೇಕಾದ ಸ್ವಭಾವವೂ ಬೇರೆ. ಒಂದು ವಾಕ್ಯವನ್ನು ಇಪ್ಪತ್ತು ನಿಮಿಷ ತಿದ್ದುವ ತಾಳ್ಮೆಯುಳ್ಳವರು ನ್ಯಾಯಾಲಯದಲ್ಲಿ ತಡವರಿಸಬಹುದು. ಕೇಳಿದ್ದನ್ನು ಕೇಳಿದಂತೆ ದಾಟಿಸಬಲ್ಲವರಿಗೆ ಒಪ್ಪಂದಪತ್ರದ ನಲವತ್ತು ಪುಟ ಬೇಸರ ತರಿಸಬಹುದು.

ನಂತರ ದಿಕ್ಕಿನ ಪ್ರಶ್ನೆ. ಲಿಖಿತ ಅನುವಾದದಲ್ಲಿ ಮಾತೃಭಾಷೆಯ ಕಡೆಗೆ, ಅಂದರೆ ಬಾಲ್ಯದಿಂದ ಬರೆದು ಬೆಳೆದ ಭಾಷೆಯ ಕಡೆಗೆ ಕೆಲಸ ಮಾಡುವುದು ವೃತ್ತಿಯ ಸಾಮಾನ್ಯ ನಿಯಮ. ಸ್ವೀಡನ್ನಿನ ಸರ್ಕಾರಿ ಮಾನ್ಯತೆಯೂ ದಿಕ್ಕಿಗೆ ಕಟ್ಟುಬಿದ್ದದ್ದು: ಜರ್ಮನ್‌ನಿಂದ ಸ್ವೀಡಿಷ್‌ಗೆ ಮಾನ್ಯತೆ ಪಡೆದವರು ಅದೇ ಹೆಸರಿನಲ್ಲಿ ವಿರುದ್ಧ ದಿಕ್ಕಿನ ದಾಖಲೆಗೆ ಮೊಹರು ಹಾಕುವಂತಿಲ್ಲ. ದುಭಾಷಿಯ ಸ್ಥಿತಿ ಹಾಗಲ್ಲ; ಸಂವಾದದಲ್ಲಿ ಮಾತು ಎರಡೂ ಕಡೆಯಿಂದ ಬರುವುದರಿಂದ ಎರಡೂ ದಿಕ್ಕುಗಳಲ್ಲಿ ಪಳಗಿರಲೇಬೇಕು.

ಕನ್ನಡ ಮಾತೃಭಾಷೆಯವರಿಗೆ ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು, ಬಳಿಕ ಕೆಲಸದ ನಿಮಿತ್ತ ಸ್ವೀಡನ್ನಿಗೆ ಹೋಗಿ ಅಲ್ಲಿನ ಭಾಷೆಯನ್ನೂ ರೂಢಿಸಿಕೊಂಡವರಿಗೆ ಈ ಜೋಡಿ ಆಕರ್ಷಕವಾಗಿ ಕಾಣಬಹುದು. ಆದರೆ ಎರಡೂ ಕಲಿತ ಭಾಷೆಗಳಾಗಿದ್ದಾಗ, ಅವುಗಳಲ್ಲಿ ಒಂದರಲ್ಲಾದರೂ ಆ ನಾಡಿನ ವಿದ್ಯಾವಂತ ಓದುಗ ಎಡವದಂತೆ ಬರೆಯುವ ಶಕ್ತಿ ಬರುವವರೆಗೆ ಲಿಖಿತ ಅನುವಾದವನ್ನು ಜೀವನೋಪಾಯವಾಗಿ ನೆಚ್ಚಿಕೊಳ್ಳದಿರುವುದು ಒಳಿತು. ಅಲ್ಲಿಯೇ ಶಾಲೆ ಕಲಿತ ಎರಡನೆಯ ತಲೆಮಾರಿನವರ ಸ್ಥಿತಿ ಬೇರೆ. ಅವರಿಗೆ ಆ ನಾಡಿನ ಭಾಷೆಯೇ ಬರವಣಿಗೆಯ ಭಾಷೆ.

ಶಿಕ್ಷಣಕ್ಕೆ ಸ್ವೀಡನ್ನಿನಲ್ಲಿ ಮುಖ್ಯ ನೆಲೆಯೆಂದರೆ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ದುಭಾಷಿ ಮತ್ತು ಅನುವಾದಕರ ಸಂಸ್ಥೆ. ಜರ್ಮನಿಯಲ್ಲಿ ಮೈಂಟ್ಸ್ ವಿಶ್ವವಿದ್ಯಾಲಯದ ಗೆರ್ಮರ್ಸ್‌ಹೈಮ್ ವಿಭಾಗ, ಹೈಡೆಲ್‌ಬರ್ಗ್, ಲೈಪ್‌ಜಿಗ್ ಅನುವಾದ ಶಿಕ್ಷಣಕ್ಕೆ ಹೆಸರಾದವು. 1815ರವರೆಗೆ ಸ್ವೀಡನ್ನಿನ ಆಳ್ವಿಕೆಗೆ ಒಳಪಟ್ಟಿದ್ದ ಗ್ರೈಫ್ಸ್‌ವಾಲ್ಡ್ ನಗರದ ವಿಶ್ವವಿದ್ಯಾಲಯದಲ್ಲಿ 1918ರಿಂದಲೇ ನಾರ್ಡಿಕ್ ಅಧ್ಯಯನದ ಸಂಸ್ಥೆಯಿದೆ.

ಎರಡನೆಯ ಹೆಜ್ಜೆ: ಮುಖಸಾಮ್ಯದ ಪದಗಳ ಸ್ವಂತ ಪಟ್ಟಿ

ನೋಡಲು ಒಂದೇ, ಅರ್ಥ ಬೇರೆ ಎನ್ನುವ ಪದಗಳು ಯಾವ ಎರಡು ಸೋದರ ಭಾಷೆಗಳ ನಡುವೆಯೂ ಇರುತ್ತವೆ. ಇಲ್ಲಿ ಅವು ಸರಪಳಿಯಾಗಿಯೇ ಬರುತ್ತವೆ. ಸ್ವೀಡಿಷ್‌ನ 'ಸೆಮೆಸ್ಟರ್' ಎಂದರೆ ವಾರ್ಷಿಕ ರಜೆ; ಜರ್ಮನ್‌ನ 'ಸೆಮೆಸ್ಟರ್' ನಮಗೂ ಗೊತ್ತಿರುವ ಅರ್ಧವರ್ಷದ ಪಾಠಾವಧಿ. ಆ ಪಾಠಾವಧಿಗೆ ಸ್ವೀಡಿಷ್‌ನಲ್ಲಿ 'ತೆರ್ಮೀನ್' ಎನ್ನುತ್ತಾರೆ; ಜರ್ಮನ್‌ನಲ್ಲಿ 'ತೆರ್ಮೀನ್' ಎಂದರೆ ವೈದ್ಯರನ್ನೋ ಅಧಿಕಾರಿಯನ್ನೋ ಕಾಣಲು ಗೊತ್ತುಪಡಿಸಿದ ಸಮಯ. ಒಂದು ಇಮೇಲಿನಲ್ಲಿ ಈ ಎರಡು ಪದಗಳೂ ಇದ್ದರೆ ಅವಸರದ ಅನುವಾದಕ ಎರಡು ಕಡೆ ಎಡವುತ್ತಾನೆ, ವಾಕ್ಯ ಮಾತ್ರ ಸುಸಂಬದ್ಧವಾಗಿಯೇ ಓದಿಸಿಕೊಳ್ಳುತ್ತದೆ.

ಇನ್ನೂ ಕೆಲವು: ಸ್ವೀಡಿಷ್ 'ಮಿದ್ದಾಗ್' ರಾತ್ರಿಯ ಊಟ, ಜರ್ಮನ್ 'ಮಿಟ್ಟಾಗ್' ಮಧ್ಯಾಹ್ನ. ಸ್ವೀಡಿಷ್ 'ಸ್ಪ್ರಿಂಗಾ' ಓಡುವುದು, ಜರ್ಮನ್ 'ಶ್ಪ್ರಿಂಗೆನ್' ಜಿಗಿಯುವುದು. ಸ್ವೀಡಿಷ್ 'ರೂಲಿಗ್' ತಮಾಷೆಯಾದದ್ದು, ಜರ್ಮನ್ 'ರೂಇಗ್' ಶಾಂತವಾದದ್ದು. ಸ್ವೀಡಿಷ್ 'ಓಲ್' ಬಿಯರ್ ಆದರೆ ಜರ್ಮನ್ 'ಓಲ್' ಎಣ್ಣೆ. ಸ್ವೀಡಿಷ್ ಬರಹದಲ್ಲಿ 'ದೋಮ್' ನ್ಯಾಯಾಲಯದ ತೀರ್ಪು, ಅದೇ ಮೂರಕ್ಷರ ಜರ್ಮನ್‌ನಲ್ಲಿ ದೊಡ್ಡ ಇಗರ್ಜಿ. ಬಿಯರನ್ನು ಎಣ್ಣೆ ಮಾಡಿದರೆ ನಗೆಪಾಟಲಾಗುವುದೇ ಹೊರತು ಹಾನಿಯಿಲ್ಲ, ಏಕೆಂದರೆ ಸಂದರ್ಭವೇ ತಪ್ಪನ್ನು ಹಿಡಿದುಕೊಡುತ್ತದೆ. ಸಂದರ್ಭಕ್ಕೆ ಹೊಂದಿಕೊಂಡು ಕುಳಿತುಬಿಡುವ ತಪ್ಪುಗಳೇ ಭಯಂಕರ. 'ಉಂಡರ್‌ಹೋಲ್' ಎಂಬ ಸ್ವೀಡಿಷ್ ಪದ ಯಂತ್ರದ ನಿರ್ವಹಣೆಗೂ ವಿಚ್ಛೇದನದ ಜೀವನಾಂಶಕ್ಕೂ ಸಲ್ಲುತ್ತದೆ. ಜರ್ಮನ್‌ನ 'ಉಂಟರ್‌ಹಾಲ್ಟ್' ಜೀವನಾಂಶಕ್ಕೂ ರಸ್ತೆ, ಕಟ್ಟಡಗಳ ಪಾಲನೆಗೂ ಬರುವುದಾದರೂ ಯಂತ್ರದ ನಿಯತ ಸೇವೆಗೆ 'ವಾರ್ಟುಂಗ್' ಎನ್ನಬೇಕು.

ಅಳತೆಯ ಪದಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಪುಟವಿರಲಿ. ಸ್ವೀಡಿಷ್ 'ಮೀಲ್' ಎಂದರೆ ನಿಖರವಾಗಿ 10 ಕಿಲೋಮೀಟರ್. ವಾಹನದ ಇಂಧನ ಬಳಕೆಯನ್ನೂ ಓಡಿದ ದೂರವನ್ನೂ ಜನ ಅದರಲ್ಲೇ ಹೇಳುತ್ತಾರೆ. 15,000 ಮೀಲ್ ಓಡಿದ ಕಾರು ಎಂದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರು. ಹಳೆಯ ಸ್ವೀಡಿಷ್ ಶಾಲಾ ಅಂಕಪಟ್ಟಿಯಲ್ಲಿ 5 ಅತ್ಯುತ್ತಮ; ಜರ್ಮನಿಯಲ್ಲಿ 1 ಅತ್ಯುತ್ತಮ, 5 ಎಂದರೆ ಅನುತ್ತೀರ್ಣಕ್ಕೆ ಸಮ. ಇಂಥಲ್ಲಿ ಅಂಕವನ್ನು ಪರಿವರ್ತಿಸುವ ಅಧಿಕಾರ ಅನುವಾದಕನಿಗಿಲ್ಲ. ಮೂಲದ ಅಂಕವನ್ನು ಹಾಗೆಯೇ ಇರಿಸಿ, ಯಾವ ಮಾಪನದಲ್ಲಿ ಯಾವುದು ಮೇಲು ಎಂಬುದನ್ನು ಅನುವಾದಕನ ಟಿಪ್ಪಣಿಯಾಗಿ ಹೇಳಬೇಕು.

ಪಟ್ಟಿ ಮಾಡುವ ವಿಧಾನ ಸರಳ. ಸಿದ್ಧ ಪಟ್ಟಿಗಳನ್ನು ಓದಿ ಬಾಯಿಪಾಠ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕೆಲಸದಲ್ಲಿ ತಾವೇ ಎಡವಿದ ಪದವನ್ನು, ಎಡವಿದ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಬೇಕು. ಅಕಾರಾದಿಯಲ್ಲಿ ಹುಡುಕುವಾಗ, ಸ್ವೀಡಿಷ್ ವರ್ಣಮಾಲೆಯ ಕೊನೆಯಲ್ಲಿ ನಿಲ್ಲುವ ಮೂರು ವಿಶೇಷ ಸ್ವರಾಕ್ಷರಗಳ ಪೈಕಿ ಎರಡು ಜರ್ಮನ್ ನಿಘಂಟಿನಲ್ಲಿ ತಮ್ಮ ಮೂಲ ಸ್ವರಗಳ ಜೊತೆಯಲ್ಲೇ ಕೂರುತ್ತವೆಂಬುದು ನೆನಪಿರಲಿ.

ಮೂರನೆಯ ಹೆಜ್ಜೆ: ಪದದ ಹಿಂದಿನ ವ್ಯವಸ್ಥೆಯನ್ನು ಓದುವುದು

ವೃತ್ತಿಯ ನಿಜವಾದ ಭಾರವೆಲ್ಲ ಇರುವುದು ಇಲ್ಲಿ. ಎರಡು ದೇಶಗಳ ಕಾನೂನು, ಆಡಳಿತ, ಕಾರ್ಮಿಕ ಸಂಬಂಧಗಳು ಒಂದೇ ಬೇರಿನ ಪದಗಳನ್ನು ಬಳಸಿಕೊಂಡೇ ಬೇರೆ ಬೇರೆ ದಾರಿ ಹಿಡಿದಿವೆ. ಆದ್ದರಿಂದ ನಾಲ್ಕು ಪ್ರಕರಣಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮೊದಲನೆಯದು ಕಾರ್ಖಾನೆಯದು. ಟ್ರಕ್ ತಯಾರಿಸುವ ಸ್ಕಾನಿಯಾ ಕಂಪನಿಯ ಕೇಂದ್ರ ಸ್ಟಾಕ್‌ಹೋಮ್ ಬಳಿಯ ಸೋಡರ್‌ಟೆಲ್ಯೆಯಲ್ಲಿದೆ, ಮಾಲೀಕತ್ವ ಮಾತ್ರ ಜರ್ಮನಿಯ ಫೋಕ್ಸ್‌ವಾಗನ್ ಸಮೂಹದ್ದು. ಸೀಮೆನ್ಸ್ ಎನರ್ಜಿ ಫಿನ್‌ಸ್ಪೋಂಗ್ ಪಟ್ಟಣದಲ್ಲಿ ಟರ್ಬೈನ್ ತಯಾರಿಸುತ್ತದೆ. ಇಂಥ ಉದ್ಯಮಗಳಲ್ಲಿ ಎರಡು ದೇಶಗಳ ಕಾರ್ಮಿಕ ಪ್ರತಿನಿಧಿಗಳು ಒಂದೇ ಮೇಜಿಗೆ ಬಂದಾಗ ದುಭಾಷಿಗೆ ಮೊದಲು ಎದುರಾಗುವ ಜೋಡಿಯೇ ಜರ್ಮನ್‌ನ 'ಮಿಟ್‌ಬೆಶ್ಟಿಮ್ಮುಂಗ್' ಮತ್ತು ಸ್ವೀಡಿಷ್‌ನ 'ಮೇದ್‌ಬೆಸ್ಟೆಮ್ಮಾಂದೆ'. ಎರಡರ ಅಕ್ಷರಾರ್ಥವೂ 'ಜೊತೆಗೂಡಿ ನಿರ್ಧರಿಸುವುದು'. ಜರ್ಮನಿಯಲ್ಲಿ ಎಲ್ಲ ನೌಕರರು ಚುನಾಯಿಸುವ ಕಾರ್ಖಾನೆ ಮಂಡಳಿಗೆ, ಕೆಲಸದ ವೇಳೆಯ ಹಂಚಿಕೆಯಂಥ ವಿಷಯಗಳಲ್ಲಿ ನಿಜಕ್ಕೂ ತಡೆಯುವ ಹಕ್ಕಿದೆ; ಅದು ಒಪ್ಪದಿದ್ದರೆ ವಿಷಯ ಸಂಧಾನ ಮಂಡಳಿಗೆ ಹೋಗುತ್ತದೆ. ಸ್ವೀಡನ್ನಿನಲ್ಲಿ ಅಂಥ ಮಂಡಳಿಯೇ ಇಲ್ಲ. ಅಲ್ಲಿ ನೌಕರರ ಪರವಾಗಿ ಕೂರುವುದು ಕಾರ್ಮಿಕ ಸಂಘ. 1976ರ ಕಾಯಿದೆಯ ಪ್ರಕಾರ ಮಾಲೀಕ ಮಹತ್ವದ ಬದಲಾವಣೆಗೆ ಮುನ್ನ ಸಂಘದೊಡನೆ ಮಾತುಕತೆ ನಡೆಸಲೇಬೇಕು, ಆದರೆ ಮಾತುಕತೆ ಮುರಿದುಬಿದ್ದರೆ ಸಾಮಾನ್ಯವಾಗಿ ಕೊನೆಯ ನಿರ್ಧಾರ ಮಾಲೀಕನದೇ. ಈ ಅಂತರ ತಿಳಿಯದ ದುಭಾಷಿ ಒಂದು ಪದಕ್ಕೆ ಇನ್ನೊಂದನ್ನು ಇಟ್ಟರೆ, ಜರ್ಮನ್ ಪ್ರತಿನಿಧಿ ತನ್ನ ಸ್ವೀಡಿಷ್ ಜೊತೆಗಾರನಿಗೆ ಇಲ್ಲದ ಅಧಿಕಾರವನ್ನು ಇದೆಯೆಂದು ನಂಬಿಕೊಂಡು ಸಭೆ ಮುಗಿಸಿ ಹೋಗುತ್ತಾನೆ.

ಎರಡನೆಯದು ಮರಣಾನಂತರದ ಆಸ್ತಿ. ಸ್ಮೋಲಾಂಡ್ ಪ್ರಾಂತದ ಕಾಡಿನಂಚಿನಲ್ಲಿ ಬೇಸಿಗೆಮನೆ ಕೊಂಡಿರುವ ಜರ್ಮನ್ನರು ಬಹಳ. ಆದ್ದರಿಂದ ಉತ್ತರಾಧಿಕಾರದ ಕಾಗದಗಳು ಈ ಜೋಡಿಯ ಅನುವಾದಕರಿಗೆ ಹೊಸತಲ್ಲ. ಸ್ವೀಡನ್ನಿನಲ್ಲಿ ಸಾವು ಸಂಭವಿಸಿದ ಮೂರು ತಿಂಗಳೊಳಗೆ 'ಬೂಉಪ್‌ಟೆಕ್ನಿಂಗ್' ಎಂಬ ದಾಖಲೆ ಸಿದ್ಧವಾಗಬೇಕು. ಅದರಲ್ಲಿ ಮೃತರ ಆಸ್ತಿ, ಸಾಲ, ಪಾಲುದಾರರ ವಿವರವಿರುತ್ತದೆ, ಬಳಿಕ ಒಂದು ತಿಂಗಳೊಳಗೆ ಅದು ನೋಂದಣಿಗಾಗಿ ತೆರಿಗೆ ಇಲಾಖೆಗೆ ಹೋಗಬೇಕು. ಜರ್ಮನಿಯ 'ಎರ್ಬ್‌ಶೈನ್' ನ್ಯಾಯಾಲಯ ಕೊಡುವ ಪ್ರಮಾಣಪತ್ರ. ಅದರಲ್ಲಿ ವಾರಸುದಾರರು ಯಾರು, ಯಾರಿಗೆ ಎಷ್ಟು ಪಾಲು ಎಂಬುದಿರುತ್ತದೆಯೇ ಹೊರತು ಆಸ್ತಿಯ ಪಟ್ಟಿ ಇರುವುದಿಲ್ಲ. ಒಂದನ್ನು ಇನ್ನೊಂದರ ಹೆಸರಿನಿಂದ ಅನುವಾದಿಸಿದರೆ ಓದುವ ಅಧಿಕಾರಿ ಇಲ್ಲದ ಮಾಹಿತಿಯನ್ನು ಹುಡುಕುತ್ತಾನೆ. ಇದಕ್ಕಿಂತ ಆಳದ ವ್ಯತ್ಯಾಸವೂ ಇದೆ: ಸ್ವೀಡನ್ನಿನಲ್ಲಿ ಮೃತರ ಎಸ್ಟೇಟು ತಾನೇ ಒಬ್ಬ ಕಾನೂನು ವ್ಯಕ್ತಿ, ಸಾಲವನ್ನು ಅದು ಹೊರುತ್ತದೆ, ಜರ್ಮನಿಯಲ್ಲಿ ವಾರಸುದಾರ ಆ ಕ್ಷಣದಿಂದಲೇ ಆಸ್ತಿಗೂ ಸಾಲಕ್ಕೂ ಹೊಣೆಗಾರ, ಬೇಡವೆಂದರೆ ವಿಷಯ ತಿಳಿದ ಆರು ವಾರಗಳೊಳಗೆ, ವಿದೇಶದಲ್ಲಿದ್ದರೆ ಆರು ತಿಂಗಳೊಳಗೆ, ವಿಧ್ಯುಕ್ತವಾಗಿ ನಿರಾಕರಿಸಬೇಕು. ಸ್ಟಾಕ್‌ಹೋಮಿನಲ್ಲಿರುವ ಮೊಮ್ಮಗಳಿಗೆ ಜರ್ಮನ್ ನ್ಯಾಯಾಲಯದಿಂದ ಬಂದ ಪತ್ರವನ್ನು ಅನುವಾದಿಸುವವರು ಗಡುವಿರುವ ವಾಕ್ಯವನ್ನು ಮೊದಲು ಹುಡುಕಿ, ಕೆಲಸ ಒಪ್ಪಿಕೊಳ್ಳುವಾಗಲೇ ಆಕೆಯ ಗಮನಕ್ಕೆ ತರಬೇಕು. ಕಾನೂನು ಸಲಹೆ ಕೊಡುವುದು ಅನುವಾದಕರ ಕೆಲಸವಲ್ಲ ನಿಜ, ಆದರೆ ದಿನಾಂಕವನ್ನು ತೋರಿಸುವುದು ಸಲಹೆಯಲ್ಲ.

ಮೂರನೆಯದು ಬಂಧನ. ಸ್ವೀಡನ್ನಿನಲ್ಲಿ ಶಂಕಿತನ ಸ್ಥಿತಿಗೆ ಮೂರು ಮೆಟ್ಟಿಲು: ಪೊಲೀಸರು ಹಿಡಿದರೆ 'ಗ್ರೀಪೆನ್', ಸರ್ಕಾರಿ ಅಭಿಯೋಜಕ ಬಂಧನದಲ್ಲಿಡಲು ನಿರ್ಧರಿಸಿದರೆ 'ಆನ್‌ಹೋಲೆನ್', ನ್ಯಾಯಾಲಯ ಆದೇಶಿಸಿದರೆ 'ಹೆಕ್ಟಾಡ್'. ನಡುವಿನ ಪದ ಜರ್ಮನ್‌ನ 'ಆಂಗೆಹಾಲ್ಟನ್' ಪದದ ತದ್ರೂಪ, ಅದಕ್ಕೋ 'ತಡೆದು ನಿಲ್ಲಿಸಲಾಯಿತು' ಎಂದಷ್ಟೇ ಅರ್ಥ. ಒಂದು ರಾತ್ರಿಯನ್ನು ಕಂಬಿಯ ಹಿಂದೆ ಕಳೆದವನನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ಮಾತಾಡಿಸಿದಂತೆ ಮಾಡಿಬಿಡುತ್ತದೆ ಈ ಒಂದು ಪದ. ಅಭಿಯೋಜಕನಿಗೆ ಇರುವ 'ಓಕ್ಲಾಗಾರೆ' ಎಂಬ ಸ್ವೀಡಿಷ್ ಪದವೂ ಜರ್ಮನ್ ಕಿವಿಗೆ ಸಿವಿಲ್ ದಾವೆಯ ವಾದಿ, ಅಂದರೆ 'ಕ್ಲೇಗರ್' ಎಂಬಂತೆ ಕೇಳಿಸಬಹುದು.

ನಾಲ್ಕನೆಯದು ಕಂಪನಿಯ ಸ್ವರೂಪ. ಸ್ವೀಡನ್ನಿನ 'ಆಕ್ಟ್ಸಿಯೆಬೂಲಾಗ್' ಹೆಸರಿನಲ್ಲಿ ಜರ್ಮನಿಯ 'ಆಕ್ಟ್ಸಿಯೆನ್‌ಗೆಸೆಲ್‌ಶಾಫ್ಟ್' ಅನ್ನು ಹೋಲುತ್ತದೆ, ಎರಡೂ ಷೇರು ಕಂಪನಿ ಎಂಬ ಅರ್ಥದವೇ. ಆದರೆ ಇಬ್ಬರು ಬಡಗಿಗಳು ಸೇರಿ ಕಟ್ಟಿದ ಸಣ್ಣ ಸಂಸ್ಥೆಯೂ ಸ್ವೀಡನ್ನಿನಲ್ಲಿ ಆಕ್ಟ್ಸಿಯೆಬೂಲಾಗ್ ಆಗಿರಬಹುದು. 2020ರಿಂದ ಖಾಸಗಿ ಕಂಪನಿಗೆ ಕನಿಷ್ಠ ಷೇರು ಬಂಡವಾಳ 25,000 ಕ್ರೋನಾ ಮಾತ್ರ. ಜರ್ಮನಿಯಲ್ಲಿ ಷೇರು ಕಂಪನಿಗೆ ಕನಿಷ್ಠ 50,000 ಯೂರೋ ಬೇಕು, ಸಾಮಾನ್ಯ ಸೀಮಿತ ಹೊಣೆಗಾರಿಕೆಯ ಸಂಸ್ಥೆಗೇ 25,000 ಯೂರೋ. ಹೀಗಾಗಿ ಕಂಪನಿಯ ಹೆಸರಿನೊಳಗಿನ ಸ್ವರೂಪಸೂಚಕವನ್ನು ಎಂದೂ ಅನುವಾದಿಸಬಾರದು. ಮೂಲದಂತೆ ಉಳಿಸಿ, ಅಗತ್ಯವಿದ್ದರೆ ಮೊದಲ ಬಾರಿ ಬಂದಲ್ಲಿ 'ಸ್ವೀಡಿಷ್ ಕಾನೂನಿನಡಿಯ ಷೇರು ಕಂಪನಿ' ಎಂದು ವಿವರಿಸಿದರೆ ಸಾಕು.

ಈ ನಾಲ್ಕರಿಂದ ಹೊರಡುವ ಕೆಲಸದ ಕ್ರಮ ಇದು. ಪದ ಸಿಕ್ಕಾಗ ನಿಘಂಟಿಗೆ ಮುನ್ನ ಆ ದೇಶದ ಕಾಯಿದೆಯಲ್ಲಿ ಅದರ ವ್ಯಾಖ್ಯೆಯನ್ನು ನೋಡಬೇಕು. ನಂತರ ಗುರಿಭಾಷೆಯ ದೇಶದಲ್ಲಿ ಅದೇ ಕೆಲಸ ಮಾಡುವ ಸಂಸ್ಥೆಯೋ ದಾಖಲೆಯೋ ಇದೆಯೇ ಎಂದು ಹುಡುಕಬೇಕು. ಇದ್ದರೆ ಮತ್ತು ಪರಿಣಾಮವೂ ಒಂದೇ ಆಗಿದ್ದರೆ ಆ ಹೆಸರನ್ನು ಬಳಸಬಹುದು. ಪರಿಣಾಮ ಬೇರೆಯಾಗಿದ್ದರೆ ಮೂಲಪದವನ್ನು ಇರಿಸಿ ವಿವರಣೆ ಸೇರಿಸಬೇಕು. ಐರೋಪ್ಯ ಒಕ್ಕೂಟದ ಪದಕೋಶವಾದ ಇಯಾಟೆ, ಎರಡೂ ಭಾಷೆಗಳ ಪಠ್ಯವನ್ನು ಅಕ್ಕಪಕ್ಕ ತೋರಿಸುವ ಒಕ್ಕೂಟದ ಕಾನೂನು ಜಾಲತಾಣ, ಸ್ವೀಡನ್ನಿನ ರಾಷ್ಟ್ರೀಯ ಪಾರಿಭಾಷಿಕ ಕೋಶವಾದ ರಿಕ್ಸ್‌ಟೆರ್ಮ್‌ಬಾಂಕೆನ್ ಇವು ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಒಕ್ಕೂಟದ ಪಠ್ಯದಲ್ಲಿರುವ ಪದ ಒಕ್ಕೂಟದ ಕಾನೂನಿಗೆ ಸರಿಯಾಗಿದ್ದರೂ ದೇಶದೊಳಗಿನ ಕಾನೂನಿನಲ್ಲಿ ಬಳಕೆಯಲ್ಲಿರುವುದು ಬೇರೆಯಾಗಿರಬಹುದು. ಸ್ವೀಡಿಷ್ ಫಿನ್ಲೆಂಡಿನಲ್ಲಿಯೂ, ಜರ್ಮನ್ ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳಲ್ಲಿಯೂ ಆಡಳಿತ ಭಾಷೆಗಳು, ಅಲ್ಲಿನ ಪದಗಳೇ ಬೇರೆ. ಆದ್ದರಿಂದ ದಾಖಲೆ ಯಾವ ದೇಶದಿಂದ ಬಂತು, ಯಾವ ದೇಶಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ದರ ಹೇಳುವ ಮುನ್ನವೇ ಕೇಳಬೇಕು.

ನಾಲ್ಕನೆಯ ಹೆಜ್ಜೆ: ಅಧಿಕೃತ ಮಾನ್ಯತೆ

ಸ್ವೀಡನ್ನಿನಲ್ಲಿ ಮಾನ್ಯತೆ ಕೊಡುವುದು ಕಮ್ಮಾರ್‌ಕೊಲ್ಲೇಗಿಯೆಟ್ ಎಂಬ ಕೇಂದ್ರ ಪ್ರಾಧಿಕಾರ. 1539ರಲ್ಲಿ ದೊರೆ ಗುಸ್ತಾವ್ ವಾಸಾನ ಕಾಲದಲ್ಲಿ ರಾಜ್ಯದ ಹಣಕಾಸಿಗೆಂದು ಹುಟ್ಟಿದ ಕಚೇರಿಯೇ ಇಂದು ಭಾಷಾ ಪರೀಕ್ಷೆ ನಡೆಸುತ್ತದೆ. ಉತ್ತೀರ್ಣರಾದ ಅನುವಾದಕರಿಗೆ ಮಾನ್ಯತೆಯ ಬಿರುದು ಮತ್ತು ಮೊಹರು ಸಿಗುತ್ತವೆ. ಮಾನ್ಯತೆ ಐದು ವರ್ಷದ್ದು, ನವೀಕರಿಸಬೇಕು. ಪರೀಕ್ಷೆ ಕಠಿಣ, ಭಾಷೆ ಬಲ್ಲೆನೆಂಬ ನೆಚ್ಚಿಕೆಯಿಂದ ಕುಳಿತವರು ಕಾನೂನು ಮತ್ತು ಹಣಕಾಸಿನ ಪಠ್ಯಗಳಲ್ಲಿ ಸೋಲುತ್ತಾರೆ. ದುಭಾಷಿಗಳಿಗೆ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳಿವೆ. ಮೂಲ ಮಾನ್ಯತೆ ಪಡೆದ ಮೇಲೆ ನ್ಯಾಯಾಲಯದ ದುಭಾಷಿ ಅಥವಾ ಆರೋಗ್ಯಸೇವೆಯ ದುಭಾಷಿ ಎಂಬ ವಿಶೇಷ ಅರ್ಹತೆಗೆ ಪ್ರಯತ್ನಿಸಬಹುದು. ಮಾನ್ಯತೆ ಪಡೆದವರು ಕೆಲಸದಲ್ಲಿ ತಿಳಿದದ್ದನ್ನು ಹೊರಗೆಡಹದಿರುವುದು ಕಾನೂನಿನ ಬಾಧ್ಯತೆ.

ಜರ್ಮನಿಯಲ್ಲಿ ಕಥೆ ಬೇರೆ. 'ಯುಬರ್‌ಸೆಟ್ಸರ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ, ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಆದರೆ ನ್ಯಾಯಾಲಯಕ್ಕೆ ಸಲ್ಲುವ ಕೆಲಸಕ್ಕೆ ಪ್ರಮಾಣವಚನ ಸ್ವೀಕರಿಸಿರಬೇಕು, ಅದನ್ನು ಬೋಧಿಸುವುದು ಆಯಾ ರಾಜ್ಯದ ನ್ಯಾಯಾಂಗ ವ್ಯವಸ್ಥೆ. ನ್ಯಾಯಾಲಯದ ದುಭಾಷಿಗಳಿಗಾಗಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ 2023ರ ಜನವರಿ 1ರಿಂದ ಜಾರಿಗೆ ಬಂದಿದೆ. ಲಿಖಿತ ಅನುವಾದಕರು ಇನ್ನೂ ರಾಜ್ಯಗಳ ನಿಯಮಕ್ಕೇ ಒಳಪಟ್ಟಿದ್ದಾರೆ. ಹಾಗಾಗಿ ಹ್ಯಾಂಬರ್ಗಿನಲ್ಲಿ ನೆಲೆಸಿರುವವರು ಬವೇರಿಯಾದ ಸಹೋದ್ಯೋಗಿಯ ಅನುಭವವನ್ನು ನೆಚ್ಚಿಕೊಂಡು ಅರ್ಜಿ ಹಾಕಬಾರದು. ಪ್ರಮಾಣವಚನ ಸ್ವೀಕರಿಸಿದವರ ಹೆಸರುಗಳು ರಾಜ್ಯಗಳ ನ್ಯಾಯಾಂಗ ಇಲಾಖೆಗಳ ಸಾಮೂಹಿಕ ದತ್ತಸಂಚಯದಲ್ಲಿ ಸೇರುತ್ತವೆ, ಗ್ರಾಹಕರು ಹುಡುಕುವುದು ಅಲ್ಲಿಯೇ.

ವೃತ್ತಿಸಂಘಗಳ ಸದಸ್ಯತ್ವವೂ ಬೇಕು: ಸ್ವೀಡನ್ನಿನಲ್ಲಿ ಎಸ್‌ಎಫ್‌ಒ, ಮಾನ್ಯತೆ ಪಡೆದವರಿಗಾಗಿ ಎಫ್‌ಎಟಿ, ಜರ್ಮನಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಬಿಡಿಯು. ಇವುಗಳ ಸಭೆಗಳಲ್ಲಿ ಸಿಗುವ ಸಹೋದ್ಯೋಗಿಯೇ ಮುಂದೆ ನಿಮ್ಮ ಪಠ್ಯವನ್ನು ತಿದ್ದುವ ಎರಡನೆಯ ಕಣ್ಣಾಗುತ್ತಾರೆ.

ಐದನೆಯ ಹೆಜ್ಜೆ: ಪ್ರಮಾಣೀಕೃತ ದಾಖಲೆಯ ಅನುವಾದ

ಜನನ, ವಿವಾಹ, ವಿಚ್ಛೇದನ, ಪದವಿ ಇತ್ಯಾದಿ ಪ್ರಮಾಣಪತ್ರಗಳಲ್ಲಿ ಸಾಹಿತ್ಯಕ್ಕೆ ಅವಕಾಶವಿಲ್ಲ, ಶ್ರದ್ಧೆಗಷ್ಟೇ. ಮೂಲದಲ್ಲಿರುವ ಮೊಹರು, ಸಹಿ, ಅಂಚಿನ ಬರಹ, ಹೊಡೆದುಹಾಕಿದ ಸಾಲು ಎಲ್ಲವನ್ನೂ ಅನುವಾದದಲ್ಲಿ ಸೂಚಿಸಬೇಕು. ಓದಲಾಗದ್ದನ್ನು 'ಓದಲಾಗದು' ಎಂದೇ ಬರೆಯಬೇಕು. ಮೂಲದಲ್ಲಿ ತಪ್ಪಿದ್ದರೆ ಸದ್ದಿಲ್ಲದೆ ತಿದ್ದಬಾರದು. ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿರುವಂತೆ ಇರಿಸಬೇಕು. ಸ್ವೀಡನ್ನಿನ ನಾಗರಿಕ ಸಂಖ್ಯೆಗೆ ಜರ್ಮನಿಯಲ್ಲಿ ಸಮಾನವಾದದ್ದಿಲ್ಲ. ಸ್ವೀಡಿಷ್ ಹೆಸರನ್ನೇ ಉಳಿಸಿ ಅದೇನೆಂದು ಒಂದು ಮಾತಿನಲ್ಲಿ ವಿವರಿಸಿದರೆ ಸಾಕು.

ದಿನಾಂಕದ ಕ್ರಮ ಬದಲಾಗುತ್ತದೆ: ಸ್ವೀಡನ್ನಿನಲ್ಲಿ 2024-05-03, ಜರ್ಮನಿಯಲ್ಲಿ 03.05.2024. ದೊಡ್ಡ ಸಂಖ್ಯೆಗಳಲ್ಲಿ ಸ್ವೀಡಿಷ್ ಬರಹ ಖಾಲಿ ಜಾಗ ಬಿಡುತ್ತದೆ, ಜರ್ಮನ್ ಬರಹ ಚುಕ್ಕಿ ಇಡುತ್ತದೆ. ದಶಮಾಂಶಕ್ಕೆ ಇಬ್ಬರೂ ಅಲ್ಪವಿರಾಮ ಬಳಸುತ್ತಾರೆ.

ಐರೋಪ್ಯ ಒಕ್ಕೂಟದ 2016/1191ನೆಯ ನಿಯಮಾವಳಿ 2019ರ ಫೆಬ್ರವರಿ 16ರಿಂದ ಅನ್ವಯವಾದ ಮೇಲೆ, ಜನನ, ಮರಣ, ವಿವಾಹದಂಥ ಸಾರ್ವಜನಿಕ ದಾಖಲೆಗಳಿಗೆ ಸದಸ್ಯ ದೇಶಗಳ ನಡುವೆ ಅಪೊಸ್ಟಿಲ್ ಎಂಬ ದೃಢೀಕರಣದ ಮುದ್ರೆ ಬೇಕಿಲ್ಲ. ಹಲವು ದಾಖಲೆಗಳಿಗೆ ಬಹುಭಾಷಾ ನಮೂನೆಯನ್ನು ಜೊತೆಗೆ ಲಗತ್ತಿಸಿದರೆ ಅನುವಾದದ ಅಗತ್ಯವೇ ಬೀಳದಿರಬಹುದು. ಒಂದು ಸದಸ್ಯ ದೇಶದಲ್ಲಿ ಅರ್ಹರಾದವರು ಮಾಡಿದ ಪ್ರಮಾಣೀಕೃತ ಅನುವಾದವನ್ನು ಇತರ ದೇಶಗಳೂ ಒಪ್ಪಬೇಕು. ಇದನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದರಿಂದ ಒಂದು ಕೆಲಸ ಕೈತಪ್ಪಬಹುದು. ತಪ್ಪಿದರೆ ತಪ್ಪಲಿ, ಮರುದಿನ ಅದೇ ಮನುಷ್ಯ ಒಪ್ಪಂದಪತ್ರ ಹಿಡಿದು ಬರುತ್ತಾನೆ. ಭಾರತದಿಂದ ಬಂದ ದಾಖಲೆಗೆ ಮಾತ್ರ ಈ ರಿಯಾಯಿತಿ ಅನ್ವಯಿಸುವುದಿಲ್ಲ, ಯುರೋಪಿನಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಗಮನಿಸಬೇಕು.

ಆರನೆಯ ಹೆಜ್ಜೆ: ದುಭಾಷಿಯ ಕಿವಿ, ನೆನಪು, ಉಸಿರು

ಜರ್ಮನ್‌ನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸರಳ ವಾಕ್ಯದಲ್ಲಿಯೂ ನಿಷೇಧದ ಪದ ತುದಿಗೆ ಹೋಗಿ ನಿಲ್ಲಬಹುದು: 'ನಾವು ಸಹಿ ಮಾಡುತ್ತೇವೆ ಒಪ್ಪಂದಕ್ಕೆ' ಎಂದು ಸಾಗಿದ ಮಾತಿನ ಕೊನೆಯಲ್ಲಿ 'ಇಲ್ಲ' ಎಂದು ಬರುತ್ತದೆ. ಸ್ವೀಡಿಷ್‌ನಲ್ಲಿ ಆ 'ಇಲ್ಲ' ಕ್ರಿಯಾಪದದ ಬೆನ್ನಿಗೇ ಬರಬೇಕು. ಆದ್ದರಿಂದ ಜರ್ಮನ್‌ನಿಂದ ಸ್ವೀಡಿಷ್‌ಗೆ ಏಕಕಾಲಿಕ ಭಾಷಾಂತರ ಮಾಡುವವರು ಕಾಯುವುದನ್ನು ಕಲಿಯಬೇಕು. ಕಾಯುತ್ತ ತುಂಬುವ ಮಾತಿನಿಂದ ಕೇಳುಗನನ್ನು ಹಿಡಿದಿಟ್ಟುಕೊಳ್ಳುವುದನ್ನೂ ಕಲಿಯಬೇಕು. ಕ್ರಿಯಾಪದಕ್ಕಾಗಿ ವಾಕ್ಯದ ತುದಿಯವರೆಗೆ ಕಾದು ಅಭ್ಯಾಸವಿರುವ ಕನ್ನಡಿಗರಿಗೆ ಈ ಒಂದು ವಿಷಯದಲ್ಲಿ ಸ್ವೀಡಿಷರಿಗಿಂತ ಹೆಚ್ಚು ಸಹನೆಯಿರುತ್ತದೆಂದು ನನ್ನ ಭಾವನೆ.

ಸಂಖ್ಯೆಗಳ ವಿಷಯದಲ್ಲಿ ನಮ್ಮ ಅದೃಷ್ಟ ಮಿಶ್ರವಾದದ್ದು. ಸ್ವೀಡಿಷ್ ನಮ್ಮ ಹಾಗೆಯೇ 'ನಲವತ್ತೇಳು' ಎಂದು ಎಣಿಸುತ್ತದೆ. ಜರ್ಮನ್ 'ಏಳು ಮತ್ತು ನಲವತ್ತು' ಎನ್ನುತ್ತದೆ. ವೇಗದ ಮಾತಿನಲ್ಲಿ 47 ಮತ್ತು 74 ಅದಲುಬದಲಾಗುವುದು ಅನುಭವಿಗಳಿಗೂ ತಪ್ಪಿದ್ದಲ್ಲ. ಕೇಳಿದ ಅಂಕಿಯನ್ನು ತಕ್ಷಣ ಕಾಗದದ ಮೇಲೆ ಗೀಚುವುದೊಂದೇ ಪರಿಹಾರ, ಜೋಡಿಯಾಗಿ ಕುಳಿತ ಸಹೋದ್ಯೋಗಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಗಂಟೆಯ ಲೆಕ್ಕದಲ್ಲಿ ಮಾತ್ರ ಆ ಇಬ್ಬರೂ ಒಂದಾಗಿ ನಮ್ಮನ್ನು ಕೆಡಹುತ್ತಾರೆ: 'ಅರ್ಧ ಮೂರು' ಎಂದು ಎರಡೂ ಭಾಷೆಗಳಲ್ಲಿ ಹೇಳಿದರೆ ಅದು ಎರಡೂವರೆ. 'ಮಿಲಿಯಾರ್ಡ್' ಎರಡರಲ್ಲಿಯೂ ನೂರು ಕೋಟಿ, 'ಬಿಲಿಯೋನ್' ಒಂದು ಲಕ್ಷ ಕೋಟಿ. ಸಭೆಯ ಕಾಗದ ಇಂಗ್ಲಿಷಿನಲ್ಲಿದ್ದರೆ ಈ ಸೊನ್ನೆಗಳನ್ನು ಎರಡು ಸಲ ಎಣಿಸಬೇಕು.

ಸಿದ್ಧತೆಯೆಂದರೆ ಕಾರ್ಯಸೂಚಿ, ಹಿಂದಿನ ನಡಾವಳಿ, ಭಾಗವಹಿಸುವವರ ಹೆಸರು ಮತ್ತು ಹುದ್ದೆಗಳನ್ನು ಮೊದಲೇ ಕೇಳಿ ಪಡೆಯುವುದು. ಸಂಘಟಕರು ಕೊಡದಿದ್ದರೆ ಮತ್ತೆ ಕೇಳುವುದು. ಗಾಜಿನ ಗೂಡಿನೊಳಗಿನ ಏಕಕಾಲಿಕ ಭಾಷಾಂತರಕ್ಕೆ ಇಬ್ಬರು ಬೇಕೇ ಬೇಕು, ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಾಗುತ್ತದೆ. ಒಬ್ಬರೇ ಇಡೀ ದಿನ ಮಾಡಿಕೊಡಿ ಎಂಬ ಕೋರಿಕೆಯನ್ನು ಒಪ್ಪಬಾರದು. ನ್ಯಾಯಾಲಯದಲ್ಲಿಯೂ ಆಸ್ಪತ್ರೆಯಲ್ಲಿಯೂ ಮಾತಾಡುವವರ 'ನಾನು' ಎಂಬುದನ್ನು 'ನಾನು' ಎಂದೇ ಹೇಳಬೇಕು, ಬೈಗುಳವನ್ನು ಬೈಗುಳವಾಗಿಯೇ ದಾಟಿಸಬೇಕು. ಅರ್ಥವಾಗದಿದ್ದರೆ ನಾಚಿಕೆಯಿಲ್ಲದೆ ಮರಳಿ ಕೇಳಬೇಕು. ಸ್ವೀಡನ್ನಿನಲ್ಲಿ ಫೋನಿನ ಮೂಲಕ ದುಭಾಷಿ ಸೇವೆ ಬಹಳ ರೂಢಿಯಲ್ಲಿರುವುದರಿಂದ, ಮುಖ ಕಾಣದೆ ಕೆಲಸ ಮಾಡುವ ಅಭ್ಯಾಸವೂ ಬೇಕು.

ಏಳನೆಯ ಹೆಜ್ಜೆ: ಸಂಬೋಧನೆ ಮತ್ತು ಶೈಲಿ

ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಬಹುವಚನದ ಗೌರವ ಬಹುತೇಕ ಕಳಚಿಬಿತ್ತು. ವೈದ್ಯಕೀಯ ಆಡಳಿತದ ಮುಖ್ಯಸ್ಥರಾಗಿದ್ದ ಬ್ರೂರ್ ರೆಕ್ಸೆದ್ 1967ರಲ್ಲಿ ತಮ್ಮ ಸಿಬ್ಬಂದಿಯನ್ನೆಲ್ಲ 'ಡು', ಅಂದರೆ 'ನೀನು' ಎಂದೇ ಕರೆಯುವುದಾಗಿ ಹೇಳಿದ್ದು ಆ ಬದಲಾವಣೆಯ ಗುರುತಾಗಿ ಉಳಿದಿದೆ. ಇಂದು ಸರ್ಕಾರಿ ಪತ್ರವೂ ನಾಗರಿಕನನ್ನು 'ಡು' ಎನ್ನುತ್ತದೆ. ಜರ್ಮನ್‌ನಲ್ಲಿ ಅಪರಿಚಿತ ವಯಸ್ಕರಿಗೆ ಈಗಲೂ 'ಜೀ', ಅಂದರೆ 'ನೀವು' ಎನ್ನಬೇಕು. 'ನೀನು', 'ನೀವು'ಗಳ ನಡುವಿನ ಗೆರೆ ಎಲ್ಲಿದೆಯೆಂದು ಹೇಳಿಕೊಡದೆಯೇ ಬಲ್ಲ ನಮಗೆ ಇದರ ಸೂಕ್ಷ್ಮ ಬೇಗ ಹೊಳೆಯುತ್ತದೆ: ಸ್ವೀಡಿಷ್ ಬ್ಯಾಂಕಿನ ಪತ್ರವನ್ನು ಜರ್ಮನ್‌ಗೆ ತರುವಾಗ ಏಕವಚನ ಬಹುವಚನವಾಗಲೇಬೇಕು. ಅಪವಾದಗಳಿವೆ. ಐಕಿಯಾ ಜರ್ಮನಿಯಲ್ಲಿಯೂ ಗ್ರಾಹಕರನ್ನು ಬೇಕೆಂದೇ 'ಡು' ಎನ್ನುತ್ತದೆ. ಆದ್ದರಿಂದ ಜಾಹೀರಾತಿನ ಪಠ್ಯವಾದರೆ ಗ್ರಾಹಕರನ್ನು ಕೇಳಿ ಬರೆಯಿಸಿಕೊಳ್ಳಿ.

2009ರ ಸ್ವೀಡಿಷ್ ಭಾಷಾ ಕಾಯಿದೆ ಆಡಳಿತದ ಬರಹ ಅಚ್ಚುಕಟ್ಟಾಗಿ, ಸರಳವಾಗಿ, ಅರ್ಥವಾಗುವಂತಿರಬೇಕೆಂದು ವಿಧಿಸುತ್ತದೆ. ಜರ್ಮನ್ ಕಚೇರಿಯ ಬರಹ ನಾಮಪದಗಳ ಸರಮಾಲೆ. ಆ ಕಡೆಯಿಂದ ಈ ಕಡೆಗೆ ಬರುವಾಗ ನಾಮಪದಗಳನ್ನು ಕ್ರಿಯಾಪದಗಳಾಗಿ ಬಿಡಿಸಿ ವಾಕ್ಯ ಒಡೆಯಬೇಕು. ಹಾಗೆ ಮಾಡುವಾಗ ಶರತ್ತುಗಳು ಉದುರಿಹೋಗದಂತೆ ನೋಡಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ದರ, ಬಿಲ್ಲು, ತೆರಿಗೆ

ಸ್ವೀಡನ್ನಿನಲ್ಲಿ ಸಾಮಾನ್ಯವಾಗಿ ಮೂಲಪಠ್ಯದ ಪದಗಳನ್ನು ಎಣಿಸುತ್ತಾರೆ. ಜರ್ಮನಿಯಲ್ಲಿ ಎಣಿಸುವುದು ಸಾಲುಗಳನ್ನು. ಖಾಲಿ ಜಾಗವೂ ಸೇರಿ 55 ಅಕ್ಷರಗಳಿಗೆ ಒಂದು ಸಾಲು, ನ್ಯಾಯಾಲಯದ ಸಂಭಾವನೆಯ ಕಾಯಿದೆಯಲ್ಲಿಯೂ ಇದೇ ಅಳತೆ. 66,000 ಅಕ್ಷರಗಳ ಅನುವಾದ 1,200 ಸಾಲಾಗುತ್ತದೆ. ಎರಡೂ ಭಾಷೆಗಳು ಉದ್ದುದ್ದ ಸಮಾಸಗಳನ್ನು ಕಟ್ಟುವುದರಿಂದ ಪದದ ಲೆಕ್ಕದಲ್ಲಿ ಅನುವಾದಕನಿಗೆ ನಷ್ಟ; ಅದರ ಮೇಲೆ ಸ್ವೀಡಿಷ್ ನಿರ್ದಿಷ್ಟತೆಯ ಸೂಚಕವನ್ನು ಪದದ ಬಾಲಕ್ಕೇ ಅಂಟಿಸುವುದರಿಂದ ಇನ್ನಷ್ಟು ಪದಗಳು ಮಾಯವಾಗುತ್ತವೆ. ಒಂದೇ ಪಠ್ಯವನ್ನು ಎರಡೂ ವಿಧಾನದಲ್ಲಿ ಎಣಿಸಿ ನೋಡಿ ತಮ್ಮ ದರವನ್ನು ಹೊಂದಿಸಿಕೊಳ್ಳುವುದು ಮೊದಲ ತಿಂಗಳಲ್ಲೇ ಮಾಡಬೇಕಾದ ಲೆಕ್ಕ.

ಜರ್ಮನ್ ಆದಾಯ ತೆರಿಗೆ ಕಾಯಿದೆ ಅನುವಾದಕರನ್ನೂ ದುಭಾಷಿಗಳನ್ನೂ ಸ್ವತಂತ್ರ ವೃತ್ತಿಯವರೆಂದು ಹೆಸರಿಸಿಯೇ ಪಟ್ಟಿಮಾಡಿದೆ; ಅಂಗಡಿಯವರಂತೆ ವ್ಯಾಪಾರದ ನೋಂದಣಿ ಬೇಕಿಲ್ಲ, ತೆರಿಗೆ ಕಚೇರಿಗೆ ತಿಳಿಸಿದರೆ ಸಾಕು. ಸ್ವೀಡನ್ನಿನಲ್ಲಿ, ತಮ್ಮ ತೆರಿಗೆಯನ್ನು ತಾವೇ ಕಟ್ಟುವವರೆಂದು ತೋರಿಸುವ 'ಎಫ್ ತೆರಿಗೆ' ಎಂಬ ಅನುಮೋದನೆ ಪಡೆದಿರಬೇಕು, ಇಲ್ಲದವರಿಗೆ ಕಂಪನಿಗಳು ಕೆಲಸ ಕೊಡಲು ಹಿಂಜರಿಯುತ್ತವೆ. ವ್ಯಾಟ್ ಸ್ವೀಡನ್ನಿನಲ್ಲಿ 25 ಶೇಕಡಾ, ಜರ್ಮನಿಯಲ್ಲಿ 19. ಆದರೆ ಒಂದು ದೇಶದ ಅನುವಾದಕರು ಇನ್ನೊಂದು ದೇಶದ ಉದ್ಯಮಕ್ಕೆ ಬಿಲ್ಲು ಮಾಡಿದಾಗ ತೆರಿಗೆಯನ್ನು ಗ್ರಾಹಕರೇ ತಮ್ಮ ದೇಶದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಿಲ್ಲಿನಲ್ಲಿ ಇಬ್ಬರ ವ್ಯಾಟ್ ಸಂಖ್ಯೆ ಮತ್ತು ಆ ಬಗೆಯ ಒಕ್ಕಣೆ ಇರಬೇಕು, ಗ್ರಾಹಕರ ಸಂಖ್ಯೆಯನ್ನು ಒಕ್ಕೂಟದ ಜಾಲತಾಣದಲ್ಲಿ ಮೊದಲೇ ತಾಳೆ ನೋಡಿರಬೇಕು.

ಒಂಬತ್ತನೆಯ ಹೆಜ್ಜೆ: ಯಂತ್ರದ ನೆರವು, ಎರಡನೆಯ ಕಣ್ಣು

ಹಿಂದೆ ಮಾಡಿದ ವಾಕ್ಯಗಳನ್ನು ನೆನಪಿಟ್ಟು ತೋರಿಸುವ ತಂತ್ರಾಂಶಗಳು ಈ ವೃತ್ತಿಯಲ್ಲಿ ಹಳೆಯವು. ಟ್ರಾಡೋಸ್ ಹುಟ್ಟಿದ್ದೇ 1984ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ. ಉಚಿತವಾಗಿ ಬೇಕೆನ್ನುವವರಿಗೆ ಒಮೇಗಾಟಿ ಇದೆ. ಕಲೋನ್ ನಗರದಿಂದ 2017ರಲ್ಲಿ ಬಂದ ಡೀಪ್‌ಎಲ್ ಮುಂತಾದ ಯಂತ್ರಾನುವಾದಗಳು ಈಗ ಈ ಜೋಡಿಯಲ್ಲಿಯೂ ಸಲೀಸಾಗಿ ಓದಿಸಿಕೊಳ್ಳುವ ಪಠ್ಯ ಕೊಡುತ್ತವೆ. ಆ ಸಲೀಸುತನದಲ್ಲೇ ಮೂರನೆಯ ಹೆಜ್ಜೆಯ ಅಪಾಯ ಅಡಗಿದೆ, ಏಕೆಂದರೆ ಕಾರ್ಮಿಕ ಸಂಘವನ್ನು ಕಾರ್ಖಾನೆ ಮಂಡಳಿಯೆಂದು ಬರೆದ ವಾಕ್ಯವೂ ವ್ಯಾಕರಣದಲ್ಲಿ ನಿರ್ದುಷ್ಟವಾಗಿರುತ್ತದೆ. ಯಂತ್ರದ ಪಠ್ಯವನ್ನು ತಿದ್ದುವಾಗ ಗುರಿಪಠ್ಯವನ್ನು ಓದಿ ಮೂಲವನ್ನು ನೋಡಬಾರದು. ಮೂಲವನ್ನು ಓದಿ, ಅರ್ಥವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಆಮೇಲೆ ಯಂತ್ರ ಏನೆಂದಿದೆ ಎಂದು ನೋಡಬೇಕು. ಗೋಪ್ಯತೆಯ ಬಾಧ್ಯತೆಯಿರುವ ದಾಖಲೆಯನ್ನು ಉಚಿತ ಜಾಲಸೇವೆಗೆ ಹಾಕುವುದಂತೂ ಸಲ್ಲದು.

ಅನುವಾದ ಸೇವೆಯ ಐಎಸ್ಒ 17100 ಮಾನದಂಡದ ಪ್ರಕಾರ ಪ್ರತಿಯೊಂದು ಅನುವಾದವನ್ನೂ ಬೇರೊಬ್ಬ ಅರ್ಹ ವ್ಯಕ್ತಿ ಮೂಲದೊಡನೆ ಹೋಲಿಸಿ ಪರಿಷ್ಕರಿಸಬೇಕು. ಒಂಟಿಯಾಗಿ ದುಡಿಯುವವರು ಇದಕ್ಕಾಗಿ ಒಬ್ಬ ಸಹೋದ್ಯೋಗಿಯೊಡನೆ ಕೊಡುಕೊಳ್ಳುವ ಏರ್ಪಾಡು ಮಾಡಿಕೊಳ್ಳುವುದು ರೂಢಿ. ನೀವು ಸ್ವೀಡಿಷ್‌ಗೆ ಬರೆಯುವವರಾದರೆ, ಜರ್ಮನ್ ಮಾತೃಭಾಷೆಯ ಒಬ್ಬರನ್ನು ಜೊತೆಗಾರರನ್ನಾಗಿ ಹುಡುಕಿಕೊಳ್ಳಿ. ನಿಮ್ಮ ಕಣ್ಣಿಗೆ ಪರಿಚಿತವಾಗಿ ಕಂಡು ಜಾರಿಹೋದ ಜರ್ಮನ್ ಪದದ ಮೇಲೆ ಅವರ ಕಣ್ಣು ತಡೆದು ನಿಲ್ಲುತ್ತದೆ.